ಮಸ್ಟಾಂಗಿಗೆ ಹೊಸ ಕಾರ್ಪೆಟ್: ಹತ್ತು ತಿಂಗಳು, ಎರಡು ಪೆಟ್ಟಿಗೆ, ಒಂದು ದಬ್ಬಳ

ಆಗಸ್ಟ್ ಮೊದಲ ವಾರದ ಒಂದು ಭಾನುವಾರ ಸಂಜೆ ಬಲಬಾಗಿಲ ಹೊಸ್ತಿಲಿನ ಸಿಲ್ ಪ್ಲೇಟಿಗೆ, ಅಂದರೆ ಕಾರ್ಪೆಟ್ಟಿನ ಅಂಚು ಮುಚ್ಚುವ ಪಟ್ಟಿಗೆ, ಕೊನೆಯ ಸ್ಕ್ರೂ ಬಿಗಿದು ಎದ್ದು ನಿಂತೆ. 1966ರ ಫೋರ್ಡ್ ಮಸ್ಟಾಂಗಿನ ನೆಲಕ್ಕೆ ಹೊಸ ಕಾರ್ಪೆಟ್ ಹಾಕುವುದು, ಕೆಲಸ ಇಷ್ಟೇ. ಶನಿವಾರ ಬಿಚ್ಚಿದರೆ ಭಾನುವಾರ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ್ದೆ. ಶುರು ಮಾಡಿದ್ದು ಅಕ್ಟೋಬರಿನಲ್ಲಿ. ಎಲ್ಲೆಲ್ಲಿ ದಾರಿ ತಪ್ಪಿದೆ, ಎಲ್ಲಿ ಕಾದೆ, ಎಷ್ಟು ಖರ್ಚಾಯಿತು ಅನ್ನುವುದೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಹಳೇ ಕಾರು ಇಟ್ಟುಕೊಂಡವರಲ್ಲಿ ಒಬ್ಬರಿಗಾದರೂ ಒಂದು ತಿಂಗಳು ಉಳಿದರೆ ಸಾಕು.

ನಾವಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟಿಗೆ ಹತ್ತಿರ. ಕಾರು ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ವಯಸ್ಸಾದ ನೆರೆಯವರೊಬ್ಬರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಹದಿನೈದು ವರ್ಷ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ನಿಂತಿದ್ದ ಗಾಡಿ. ನೀಲಿ ಬಣ್ಣ, ಎರಡು ಬಾಗಿಲು, ಆರು ಸಿಲಿಂಡರಿನ 200 ಘನ ಇಂಚಿನ ಎಂಜಿನ್, ಆಟೋಮ್ಯಾಟಿಕ್ ಗೇರು. ದೊಡ್ಡ ವಿ8 ಎಂಜಿನ್ ಅಲ್ಲದ್ದರಿಂದ ಬೆಲೆಯೂ ನನ್ನ ಕೈಗೆ ಎಟುಕುವ ಹಾಗಿತ್ತು. ಚಾಸಿ ಸಂಖ್ಯೆಯಲ್ಲಿ 1966ನ್ನು ಸೂಚಿಸುವ 6ರ ಪಕ್ಕ ‘ಎಫ್’ ಇದೆ. ಅಂದರೆ ಹುಟ್ಟಿದ್ದು ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ, ನಾನು ದಿನಾ ಕೆಲಸಕ್ಕೆ ಹೋಗುವ ದಾರಿಗೆ ಹತ್ತಿರವೇ. ಅದು ಗೊತ್ತಾದ ದಿನ ಆದ ಖುಷಿಯನ್ನು ಮನೆಯವರಿಗೆ ಅರ್ಥ ಮಾಡಿಸಲು ಆಗಲಿಲ್ಲ.

ಬಾಗಿಲು ತೆಗೆದರೆ ಮೊದಲು ಬರುತ್ತಿದ್ದದ್ದು ವಾಸನೆ. ಮಳೆಗಾಲದಲ್ಲಿ ಒಣಗದ ಕಂಬಳಿಯ ವಾಸನೆ. ಕಾರ್ಪೆಟ್ ನೀಲಿ ಇದ್ದದ್ದು ಬೂದಿಬಣ್ಣಕ್ಕೆ ತಿರುಗಿತ್ತು. ಚಾಲಕನ ಹಿಮ್ಮಡಿ ಊರುವ ಕಡೆ ಸವೆದು ಅಡಿಯ ನಾರು ಕಾಣುತ್ತಿತ್ತು. ಬೆರಳಲ್ಲಿ ಹಿಡಿದು ಎಳೆದರೆ ನೆನೆದ ಕಾಗದದ ಹಾಗೆ ಕಿತ್ತುಬಂತು. ಅದಕ್ಕೂ ಕಾರಣವಿದೆ. ಆ ಕಾಲದ ಮಸ್ಟಾಂಗಿನ ಕುಣಿಕೆ ನೇಯ್ಗೆಯ ಕಾರ್ಪೆಟ್ಟಿನಲ್ಲಿ 80 ಪಾಲು ರೇಯಾನ್, 20 ಪಾಲು ನೈಲಾನ್. ರೇಯಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಕೈಗೆ ಕಿತ್ತುಬರುವಷ್ಟು ಕೊಳೆತಿದೆ ಅಂದರೆ ವರ್ಷಗಟ್ಟಲೆ ನೀರು ಕುಡಿದಿದೆ ಅಂತಲೇ ಅರ್ಥ. ಆ ನೀರು ಎಲ್ಲಿಂದ ಬಂತು ಅಂತ ಆ ದಿನವೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳದೆ ನೇರ ಕಾರ್ಪೆಟ್ ಹುಡುಕಲು ಕೂತೆ.

ಅಚ್ಚಿನ ಕಾರ್ಪೆಟ್, ಇಲ್ಲಿಯವರ ಮಾತಿನಲ್ಲಿ ಮೌಲ್ಡೆಡ್ ಕಾರ್ಪೆಟ್, ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕಾರಿನ ನೆಲ ಮನೆಯ ನೆಲದ ಹಾಗೆ ಚಪ್ಪಟೆ ಅಲ್ಲ. ನಡುವೆ ಗೇರ್‌ಬಾಕ್ಸಿನ ಉಬ್ಬು, ಮುಂದೆ ಕಾಲಿಡುವಲ್ಲಿ ಏರು, ಹಿಂದೆ ತಗ್ಗು. ಅದರ ಮೇಲೆ ಸಾದಾ ಕಾರ್ಪೆಟ್ ಹಾಸಿದರೆ ಎಲ್ಲೆಂದರಲ್ಲಿ ಸುಕ್ಕು. ಅದಕ್ಕೇ ಕಾರ್ಪೆಟ್ಟಿನ ಬೆನ್ನಿಗೆ ಪ್ಲಾಸ್ಟಿಕ್ಕಿನ ಪದರ ಕೊಟ್ಟು, ಬಿಸಿ ಮಾಡಿ, ಆ ನೆಲದ ಆಕಾರದ ಅಚ್ಚಿನ ಮೇಲೆ ಒತ್ತುತ್ತಾರೆ. ತಣಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಬಿಸಿ ತಾಗಿದರೆ ಆ ಪದರ ಮತ್ತೆ ಮೆತ್ತಗಾಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಊರಲ್ಲಿ ಗೆಳೆಯನೊಬ್ಬ ಹಳೇ ಪದ್ಮಿನಿ ಕಾರು ಇಟ್ಟಿದ್ದಾನೆ. ಅವನಿಗೆ ಈ ಅನುಕೂಲ ಸಿಗಲಿಲ್ಲ, ಸೀಟು ಹೊಲಿಯುವವರೇ ನೆಲದ ಅಳತೆ ತೆಗೆದು ತುಂಡು ತುಂಡಾಗಿ ಕತ್ತರಿಸಿ ಹೊಲಿದು ಕೊಟ್ಟರು. ಮಸ್ಟಾಂಗಿನ ಅದೃಷ್ಟ ಅಂದರೆ 1966ರ ಮಾಡೆಲ್ ಒಂದೇ 6,07,568 ಕಾರು ತಯಾರಾಗಿತ್ತು. ಉಳಿದುಕೊಂಡವುಗಳ ಸಂಖ್ಯೆಯೂ ದೊಡ್ಡದು. ಹಾಗಾಗಿ ಅದರ ಕಾರ್ಪೆಟ್ ಇವತ್ತಿಗೂ ಹೊಸದಾಗಿ ಅಚ್ಚಾಗಿ ಬರುತ್ತದೆ.

ಆರ್ಡರ್ ಮಾಡುವ ಮುಂಚೆ ಚಾಲಕನ ಬಾಗಿಲು ತೆಗೆದು ಅದರ ಹಿಂಬದಿಯ ಅಂಚು ನೋಡಿ. ಚಿಲಕದ ಕೆಳಗೆ ರಿವೆಟ್ ಹೊಡೆದ ಸಣ್ಣ ತಗಡು ಇರುತ್ತದೆ. ನನ್ನದರಲ್ಲಿ ಬಾಡಿ ಕೆಳಗೆ 65ಎ, ಟ್ರಿಮ್ ಕೆಳಗೆ 22. 65ಎ ಅಂದರೆ ಹಾರ್ಡ್‌ಟಾಪ್ (ಗಟ್ಟಿ ಚಾವಣಿಯದು), ಸಾಮಾನ್ಯ ಒಳಾಂಗಣ. ಚಾವಣಿ ಮಡಚುವ ಕನ್ವರ್ಟಿಬಲ್‌ಗೆ 76ಎ, ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್‌ಗೆ 63ಎ. 22 ಅಂದರೆ ನೀಲಿ. ಆದರೆ ನೀಲಿಯಲ್ಲೇ ನಾಲ್ಕಾರು ಛಾಯೆ ಮಾರುತ್ತಾರೆ, ಕಂಪ್ಯೂಟರ್ ಪರದೆಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಸಣ್ಣ ಸಣ್ಣ ಮಾದರಿ ತುಂಡು ಕಳಿಸಿಕೊಡುತ್ತಾರೆ, ಕೇಳಿ ತರಿಸಿ. ನನಗೆ ಬರಲು ಎರಡು ವಾರ ಹಿಡಿಯಿತು. ಹಳೇ ಕಾರ್ಪೆಟ್ಟಿನ ಮೇಲ್ಮೈ ಪಕ್ಕ ಇಟ್ಟು ನೋಡಬೇಡಿ, ಬಿಸಿಲಿಗೆ ಅದು ಸತ್ತಿರುತ್ತದೆ. ಹೊಸ್ತಿಲ ಸಿಲ್ ಪ್ಲೇಟ್ ಬಿಚ್ಚಿ ಅದರ ಅಡಿ ನೋಡಿ. ಅಲ್ಲಿ ಎರಡು ಬೆರಳಗಲದ ಪಟ್ಟಿ ಬೆಳಕೇ ಕಾಣದೆ ಕೂತಿತ್ತು. ಧೂಳು ಒರೆಸಿದೆ. ಗಾಢ ನೀಲಿ, ಶಂಖಪುಷ್ಪದ ಬಣ್ಣ. ಐವತ್ತೇಳು ವರ್ಷದ ಹಿಂದೆ ಈ ಕಾರಿನ ಒಳಗೆಲ್ಲ ಇದೇ ಬಣ್ಣ ಇತ್ತಲ್ಲ ಅನ್ನಿಸಿ ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ಅದಕ್ಕೆ ಹೊಂದುವ ಮಾದರಿ ಆರಿಸಿ 189 ಡಾಲರ್ ಕಟ್ಟಿದೆ. ನಯವಾಗಿ ಕತ್ತರಿಸಿದ ನೂಲಿನ ನೈಲಾನ್ ಕಾರ್ಪೆಟ್ಟೂ ಇತ್ತು, ಹೆಚ್ಚು ಬಾಳಿಕೆ ಬರುತ್ತದೆ ಅಂತ ಹೇಳುತ್ತಾರೆ. ಆದರೆ 1966ರ ಕಾರಿನಲ್ಲಿ ಅದು ಪಕ್ಕದ ಮನೆಯ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತದೆ. ಕುಣಿಕೆ ನೇಯ್ಗೆಯದನ್ನೇ ತರಿಸಿದೆ.

ಮೂರು ವಾರಕ್ಕೆ ಪೆಟ್ಟಿಗೆ ಬಂತು. ಸಂಭ್ರಮದಲ್ಲಿ ಟೇಪು ಕತ್ತರಿಸಿ, ಮಡಿಕೆ ಬಿಡಿಸಿ, ಗ್ಯಾರೇಜಿನ ನೆಲದ ಮೇಲೆ ಹಾಸಿದೆ. ಬಣ್ಣ ಸರಿಯಾಗಿತ್ತು. ಹಿಂದಿನ ತುಂಡು ಮಾತ್ರ ನನ್ನ ಕಾರಿನ ಹಿಂಬದಿ ನೆಲಕ್ಕೆ ಎಷ್ಟು ತಿರುಗಿಸಿದರೂ ಕೂರಲಿಲ್ಲ. ಒಂದು ಗಂಟೆ ಗುದ್ದಾಡಿದ ಮೇಲೆ ಪೆಟ್ಟಿಗೆಯ ಮೇಲಿನ ಚೀಟಿ ಓದಿದೆ. ಕನ್ವರ್ಟಿಬಲ್ ಅಂತ ಇತ್ತು. ನನ್ನ ಆರ್ಡರ್ ಪ್ರತಿಯಲ್ಲಿ ಹಾರ್ಡ್‌ಟಾಪ್ ಎಂದೇ ಇದೆ, ತಪ್ಪು ಅವರದೇ. ಆದರೂ ಪೆಟ್ಟಿಗೆ ಒಡೆದು ಮಡಿಕೆ ಬಿಡಿಸಿದ್ದೀರಿ ಅಂತ ತಕರಾರು ಶುರುವಾಯಿತು. ಫೋಟೋ ಕಳಿಸಿ, ಬಾಗಿಲ ತಗಡಿನ ಚಿತ್ರ ಕಳಿಸಿ, ಆರ್ಡರ್ ಪ್ರತಿ ಕಳಿಸಿ, ನಾಲ್ಕು ಸಲ ಫೋನ್ ಮಾಡಿದ ಮೇಲೆ ಬದಲಿ ಕೊಡಲು ಒಪ್ಪಿದರು. ವಾಪಸ್ ಕಳಿಸುವ ಸಾಗಣೆಯ 46 ಡಾಲರ್ ನನ್ನ ಕೈಯಿಂದಲೇ ಹೋಯಿತು. ಆ ಛಾಯೆ ಸದ್ಯ ಇಲ್ಲ, ಅಚ್ಚು ಹಾಕಿದಾಗ ಕಳಿಸುತ್ತೇವೆ ಅಂದರು. ಪೆಟ್ಟಿಗೆ ಬಂದಾಗ ಮೊದಲು ಚೀಟಿ ಓದಿ, ಚೀಟಿಯ ಫೋಟೋ ತೆಗೆಯಿರಿ, ಆಮೇಲೆ ಟೇಪಿಗೆ ಕೈ ಹಾಕಿ.

ಕಾಯುವ ಹೊತ್ತಿಗೆ ಒಳಗಿನದೆಲ್ಲ ಬಿಚ್ಚೋಣ ಅಂತ ಹೊರಟೆ. ಹಿಂದಿನ ಸೀಟು ಸುಲಭ. ಕೂರುವ ಭಾಗವನ್ನು ಮೊಣಕಾಲಲ್ಲಿ ಹಿಂದಕ್ಕೆ ಒತ್ತಿ ಮೇಲೆತ್ತಿದರೆ ಕೊಕ್ಕೆ ಬಿಡುತ್ತದೆ. ಮುಂದಿನ ಸೀಟು ಹಾಗಲ್ಲ. ಸೀಟಿನ ಹಳಿಯಿಂದ ಇಳಿದ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ನೆಲದ ತೂತಿನಲ್ಲಿ ತೂರಿ ಕಾರಿನ ಅಡಿಗೆ ಹೋಗುತ್ತವೆ, ನಟ್ ಇರುವುದು ಅಲ್ಲಿ. ಅದಕ್ಕೆ ತಲುಪುವ ಕಿಂಡಿಗೆ ರಬ್ಬರ್ ಬಿರಡೆ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಇಲ್ಲಿಯ ಕಾರುಗಳ ಅಡಿ ತುಕ್ಕು ಹಿಡಿಯದೆ ಉಳಿಯುವುದಿಲ್ಲ. ಮೂರು ರಾತ್ರಿ ತುಕ್ಕುಬಿಡಿಸುವ ಎಣ್ಣೆ ಸಿಂಪಡಿಸಿದೆ. ಏಳು ನಟ್ ಬಂದವು, ಎಂಟನೆಯದರ ಸ್ಟಡ್ ಮುರಿಯಿತು. ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ಹೋಗಲೇಬೇಡಿ. ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಕೈಯಲ್ಲಿ ಅಲ್ಲಾಡಿಸಿ ನೋಡಿ ಆಮೇಲೆ ಹೋಗಿ. ಸೀಟ್ ಬೆಲ್ಟಿನ ಬೋಲ್ಟುಗಳನ್ನು ಯಾವ ತೂತಿನದು ಯಾವುದು ಅಂತ ಬರೆದು ಪೊಟ್ಟಣ ಕಟ್ಟಿಡಿ.

ಕಾರ್ಪೆಟ್ ಸುರುಳಿ ಸುತ್ತಿ ಹೊರಗೆ ತೆಗೆದಾಗ ಅಡಿಯಲ್ಲಿ ಮೂರು ನಾಣ್ಯ, ಒಂದು ಕೂದಲ ಕ್ಲಿಪ್ಪು, ಅರ್ಧ ಮುರಿದ ನೀಲಿ ಕ್ರೇಯಾನ್ ಸಿಕ್ಕವು. ನೆರೆಯವರ ಮಗಳು ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು ಅಂತ ಅವರು ಹೇಳಿದ್ದು ನೆನಪಾಯಿತು. ಒಂದು ಲಕೋಟೆಯಲ್ಲಿ ಹಾಕಿ ಅವರಿಗೆ ಕಳಿಸಿಕೊಟ್ಟೆ.

ಸೆಣಬಿನ ಹಾಸನ್ನೂ ಎತ್ತಿದೆ. ಚಾಲಕನ ಎಡಗಾಲಿನ ಕಡೆ ನೆಲ ಕಂದುಬಣ್ಣಕ್ಕೆ ತಿರುಗಿ ಪದರ ಪದರವಾಗಿತ್ತು. ಸ್ಕ್ರೂಡ್ರೈವರ್ ತುದಿ ಸುಮ್ಮನೆ ಊರಿದೆ. ಹಪ್ಪಳ ಮುರಿದ ಸದ್ದಾಯಿತು, ತುದಿ ಇಳಿದುಹೋಯಿತು. ತೂತಿನಲ್ಲಿ ಗ್ಯಾರೇಜಿನ ನೆಲ ಕಾಣುತ್ತಿತ್ತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಇಷ್ಟಾದ ಮೇಲೆ ನೀರಿನ ಮೂಲ ಹುಡುಕಿದೆ. ಆ ಕಾಲದ ಮಸ್ಟಾಂಗ್ ಇಟ್ಟವರಿಗೆಲ್ಲ ಗೊತ್ತಿರುವ ಕಾಯಿಲೆ ಇದು, ನನಗೆ ಮಾತ್ರ ತಡವಾಗಿ ಗೊತ್ತಾಯಿತು. ಮುಂಗಾಜಿನ ಬುಡದಲ್ಲಿ, ಬಾನೆಟ್ಟಿಗೂ ಗಾಜಿಗೂ ನಡುವೆ, ಜಾಲರಿಯ ಹಾಗೆ ಸೀಳುಗಳಿರುವ ಭಾಗಕ್ಕೆ ಕೌಲ್ ಅನ್ನುತ್ತಾರೆ. ಗಾಳಿ ಒಳಗೆ ಬರುವುದು ಅಲ್ಲಿಂದ. ಮಳೆನೀರೂ ಅಲ್ಲೇ ಇಳಿದು ಎರಡೂ ಪಕ್ಕದಿಂದ ಹೊರಗೆ ಹರಿದುಹೋಗಬೇಕು. ಗಾಳಿಯ ಕಿಂಡಿಗಳ ಸುತ್ತ ಒಳಗೆ ನೀರು ನುಗ್ಗದ ಹಾಗೆ ಎತ್ತರದ ಕಟ್ಟೆ ಇದೆ. ಎಲೆ ಕಸ ತುಂಬಿ ತೇವ ನಿಂತರೆ ಆ ಕಟ್ಟೆಯ ಬುಡ ತುಕ್ಕು ತಿನ್ನುತ್ತದೆ. ಆಮೇಲೆ ಪ್ರತಿ ಮಳೆಯೂ ನೇರ ಕಾಲಬುಡಕ್ಕೆ. ಮುಚ್ಚಿದ ಪೆಟ್ಟಿಗೆಯಂಥ ಜಾಗ ಆದ್ದರಿಂದ ಹೊರಗಿನಿಂದ ಏನೂ ಕಾಣುವುದಿಲ್ಲ.

ಪರೀಕ್ಷೆಗೆ ಖರ್ಚಿಲ್ಲ. ಹೆಂಡತಿ ಹೊರಗೆ ನಿಂತು ತೋಟದ ಪೈಪಿನಿಂದ ಕೌಲ್ ಜಾಲರಿಗೆ ನೀರು ಬಿಟ್ಟಳು. ನಾನು ಒಳಗೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಿಡಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಎಡಗಡೆಯ ಕಿಂಡಿಯ ಅಂಚಿನಲ್ಲಿ ಒಂದು ಹನಿ ದಪ್ಪಗಾಗುತ್ತಾ ತೂಗಿತು, ಕಳಚಿ ನನ್ನ ಕುತ್ತಿಗೆಗೆ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೆ ದಾರದ ಹಾಗೆ ಧಾರೆ. ಮೊದಲ ಪೆಟ್ಟಿಗೆ ತಪ್ಪಿ ಬಂದದ್ದಕ್ಕೆ ಅಲ್ಲಿಯವರೆಗೂ ಇದ್ದ ಸಿಟ್ಟು ಆ ಕ್ಷಣ ಇಳಿದುಹೋಯಿತು. ಸರಿಯಾದ ಕಾರ್ಪೆಟ್ ಬಂದಿದ್ದರೆ ಇದೇ ಧಾರೆಯ ಕೆಳಗೆ ಹಾಸುತ್ತಿದ್ದೆ. ಈ ಬರಹದಲ್ಲಿ ಬೇರೇನೂ ಮನಸ್ಸಿಗೆ ಇಳಿಯದಿದ್ದರೂ ಪರವಾಗಿಲ್ಲ, ಕಾರ್ಪೆಟ್ಟಿಗೆ ದುಡ್ಡು ಕಟ್ಟುವ ಮುಂಚೆ ಒಂದು ಸಲ ನೀರು ಬಿಟ್ಟು ನೋಡಿ.

ಅಂಟು ಬಳಿದು ಕೂರಿಸುವ ಪ್ಲಾಸ್ಟಿಕ್ಕಿನ ಕಟ್ಟೆಗಳು ಸಿಗುತ್ತವೆ. ತುಕ್ಕು ಶುರುವಿನಲ್ಲಿದ್ದರೆ ಕೆಲವು ವರ್ಷ ತಳ್ಳಬಹುದೇನೋ, ನನ್ನದು ಆ ಹಂತ ದಾಟಿತ್ತು. ಸರಿಯಾದ ದುರಸ್ತಿ ಅಂದರೆ ತಗಡು ಜೋಡಿಸಿದ ಚುಕ್ಕಿ ಬೆಸುಗೆಗಳನ್ನು (ಸ್ಪಾಟ್ ವೆಲ್ಡು) ಒಂದೊಂದಾಗಿ ಕೊರೆದು, ಕೌಲ್‌ನ ಮೇಲ್ಭಾಗ ಎತ್ತಿ, ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದು, ಮತ್ತೆ ಮುಚ್ಚುವುದು. ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ತಗಡಿನ ಕೆಲಸದವರೊಬ್ಬರು ಒಪ್ಪಿದರು, ಸರದಿ ಹನ್ನೊಂದು ವಾರಕ್ಕೆ ಅಂದರು. ಸೀಟಿಲ್ಲದ ಕಾರು ಇಡೀ ಚಳಿಗಾಲ ಗ್ಯಾರೇಜಿನಲ್ಲಿ ನಿಂತಿತು. ಫೆಬ್ರವರಿಯಲ್ಲಿ ಟ್ರಕ್ಕಿನ ಮೇಲೆ ಹೋಗಿ ಮಾರ್ಚ್ ಕೊನೆಗೆ ಬಂತು. ನೆಲದ ತೇಪೆಯೂ ಸೇರಿ 2,250 ಡಾಲರ್. ಬಂದ ದಿನವೇ ಮತ್ತೆ ಪೈಪ್ ಹಿಡಿದೆವು, ಹತ್ತು ನಿಮಿಷ ಬಿಟ್ಟರೂ ಒಂದು ಹನಿ ಇಳಿಯಲಿಲ್ಲ.

ಅದೇ ಸಮಯಕ್ಕೆ ಹೀಟರ್ ಕೋರನ್ನೂ ಅದರ ಹೋಸುಗಳನ್ನೂ ಬದಲಾಯಿಸಿದೆ. ಡ್ಯಾಶ್ ಅಡಿಯ ಆ ಪುಟ್ಟ ರೇಡಿಯೇಟರ್ ಸೋರಿದರೆ ಕೂಲೆಂಟ್ ಬೀಳುವುದು ಪಕ್ಕದವರ ಕಾಲಬುಡದ ಕಾರ್ಪೆಟ್ಟಿಗೇ. ನನ್ನದು ಸೋರುತ್ತಿರಲಿಲ್ಲ, ಆದರೆ ಎಷ್ಟು ಹಳೆಯದೋ ಗೊತ್ತಿರಲಿಲ್ಲ. 68 ಡಾಲರ್ ಖರ್ಚಾಯಿತು, ಅದರ ಬಗ್ಗೆ ಬೇಸರ ಇಲ್ಲ.

ನೆಲದ ಮೇಲೆ ಹಳೇ ಡಾಂಬರಿನ ಹಾಳೆ ಅಂಟಿಕೊಂಡಿತ್ತು, ಸದ್ದು ತಡೆಯಲು ಕಾರ್ಖಾನೆಯಲ್ಲೇ ಹಾಕಿದ್ದು. ಕೆರೆದರೆ ಬರದು, ಬಿಸಿ ಮಾಡಿದರೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಇದಕ್ಕೆ ಡ್ರೈ ಐಸ್ ಒಳ್ಳೆಯ ಉಪಾಯ. ಇಲ್ಲಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಶೂನ್ಯಕ್ಕಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಇಂಗಾಲದ ಡೈಆಕ್ಸೈಡಿನ ಗಡ್ಡೆ ಅದು. ಪುಡಿ ಮಾಡಿ ಡಾಂಬರಿನ ಮೇಲೆ ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಗಾಜಿನ ಹಾಗೆ ಒಡೆದು ಚೂರು ಚೂರಾಗಿ ಎದ್ದುಬರುತ್ತದೆ. ಚರ್ಮದ ಗ್ಲೋವ್ ಬೇಕೇ ಬೇಕು, ಬರಿಗೈ ತಾಗಿದರೆ ಸುಟ್ಟ ಗಾಯವಾಗುತ್ತದೆ. ಗ್ಯಾರೇಜಿನ ಬಾಗಿಲು, ಕಾರಿನ ಬಾಗಿಲು ಎಲ್ಲ ತೆರೆದಿಡಿ. ಆ ಅನಿಲ ಕಾಣುವುದಿಲ್ಲ, ತಗ್ಗಿನಲ್ಲಿ ಶೇಖರವಾಗಿ ಉಸಿರು ಕಟ್ಟಿಸುತ್ತದೆ. ಇದು ನೆಲಕ್ಕೆ ಬಗ್ಗಿ ಮಾಡುವ ಕೆಲಸ.

ತುಕ್ಕು ತಡೆಯುವ ಬಣ್ಣಕ್ಕೆ ಹವೆ ಬೆಚ್ಚಗಿರಬೇಕು, ಮೇ ತಿಂಗಳವರೆಗೆ ಕಾದೆ. ಬೆಸುಗೆಯ ಸಂದುಗಳಿಗೆ ಸೀಲರ್ ಹಚ್ಚಿ, ಎರಡು ಕೋಟು ಬಳಿದು, ಒಂದು ವಾರ ಒಣಗಲು ಬಿಟ್ಟೆ. ಮೇಲೆ ಸದ್ದು, ಶಾಖ ತಡೆಯುವ ಬ್ಯೂಟೈಲ್ ರಬ್ಬರಿನ ಹಾಳೆ ಒತ್ತಿದೆ. ಇಲ್ಲೊಂದು ತಪ್ಪು ಮಾಡಿದೆ. ಒಂದು ಪದರ ಸಾಕಿತ್ತು, ಕಾರು ಇನ್ನೂ ಶಾಂತವಾಗಿರಲಿ ಅಂತ ಅದರ ಮೇಲೆ ದಪ್ಪ ಫೋಮ್ ಹಾಸಿದೆ. ಅಚ್ಚಿನ ಕಾರ್ಪೆಟ್ ನೆಲದ ಮೂಲ ಅಳತೆಗೆ ತಯಾರಾದದ್ದು, ಅದರ ಬೆನ್ನಿಗೆ ಸೆಣಬಿನ ಹಾಸೂ ಅಂಟಿಕೊಂಡೇ ಬರುತ್ತದೆ. ಅಡಿಯ ದಪ್ಪ ಹೆಚ್ಚಾದರೆ ಅಂಚು ಹೊಸ್ತಿಲಿನವರೆಗೆ ಬರುವುದೇ ಇಲ್ಲ. ನನ್ನದು ಎರಡೂ ಕಡೆ ಒಂದೊಂದು ಇಂಚು ಗಿಡ್ಡವಾಯಿತು. ಆಮೇಲೆ ಫೋಮ್ ಅಷ್ಟನ್ನೂ ಕಿತ್ತು ತೆಗೆದೆ. ಬೆಲ್ಟ್ ಬೋಲ್ಟಿನ ತೂತು, ಸೀಟಿನ ತೂತು, ಬಿರಡೆಗಳ ಮೇಲೆ ಹಾಳೆ ಬರದ ಹಾಗೆ ಅಲ್ಲಲ್ಲೇ ಕತ್ತರಿಸಿಕೊಳ್ಳಿ.

ಅಷ್ಟು ಹೊತ್ತಿಗೆ ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಅಪ್ಪ ಮಂಡಿಯಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷ ಲೆಕ್ಕ ಬರೆದವರು, ಹರಿದ ಚೀಲ ಕಂಡರೆ ಹಮಾಲರನ್ನು ಕಾಯದೆ ತಾವೇ ಹೊಲಿಯುತ್ತಿದ್ದವರು. ಜೂನ್ ಎರಡನೇ ವಾರ ಎರಡನೆಯ ಪೆಟ್ಟಿಗೆ ಬಂತು. ಚೀಟಿ ಓದಿದೆ, ಹಾರ್ಡ್‌ಟಾಪ್. ಬಿಡಿಸಿದ ಕೂಡಲೇ ಅಪ್ಪ ಕಾರ್ಪೆಟ್ಟಿನ ಬೆನ್ನು ತಿರುಗಿಸಿ ಮೂಗಿನ ಹತ್ತಿರ ಹಿಡಿದರು. "ಇದು ಗೋಣಿ ನಾರಪ್ಪ, ಹೊಸ ಚೀಲದ ವಾಸನೆ" ಅಂದರು. ಇಲ್ಲಿಗೆ ಬಂದು ಒಂದು ತಿಂಗಳಾದರೂ ಹೊತ್ತು ಹೋಗದೆ ಕಿಟಕಿಯ ಹತ್ತಿರ ಕೂರುತ್ತಿದ್ದವರು ಆ ದಿನದಿಂದ ಗ್ಯಾರೇಜಿಗೆ ಬರಲು ಶುರು ಮಾಡಿದರು.

ಎರಡು ತುಂಡು ಇತ್ತು, ಮುಂದಿನದು ಮತ್ತು ಹಿಂದಿನದು. ಪೆಟ್ಟಿಗೆಯಲ್ಲಿ ಮಡಚಿ ತುರುಕಿದ್ದರಿಂದ ಅಡ್ಡಡ್ಡ ಗಟ್ಟಿ ಮಡಿಕೆ. ಮುಂದಿನ ತುಂಡಿನ ಉಬ್ಬು ಒಳಗೆ ಕುಸಿದು ತಟ್ಟೆಯಾಗಿತ್ತು. ಹಾಳಾಗಿದೆ ಅಂತ ಹೆದರಬೇಡಿ. ಬಿಸಿಲು ಚೆನ್ನಾಗಿದ್ದ ದಿನ ಎರಡನ್ನೂ ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಬೆನ್ನು ಮೇಲಾಗಿ ಹಾಸಿದೆವು, ಹಪ್ಪಳ ಒಣಹಾಕಿದ ಹಾಗೆ. ಎರಡು ಗಂಟೆಯಲ್ಲಿ ಪ್ಲಾಸ್ಟಿಕ್ ಪದರ ಮೆತ್ತಗಾಗಿ ಮಡಿಕೆ ಅರ್ಧ ಹೋಯಿತು. ಉಳಿದದ್ದಕ್ಕೆ ಬಟ್ಟೆಗೆ ಹಿಡಿಯುವ ಹಬೆಯ ಸ್ಟೀಮರ್ ಬೆನ್ನ ಕಡೆಯಿಂದ ಹಿಡಿದು, ಕೈಯಲ್ಲಿ ಒತ್ತಿ ಆಕಾರ ಕೊಟ್ಟೆವು. ಹೀಟ್ ಗನ್ನನ್ನು ಹತ್ತಿರ ಹಿಡಿಯಬೇಡಿ, ನೈಲಾನ್ ಕರಗಿ ಹೊಳೆಯುವ ಕಲೆ ಉಳಿಯುತ್ತದೆ, ಅದಕ್ಕೆ ಪರಿಹಾರವಿಲ್ಲ.

ಮೊದಲು ಹಿಂದಿನ ತುಂಡು. ನಡುವಿನ ಉಬ್ಬಿನ ಮೇಲೆ ಸರಿಯಾಗಿ ಕೂರಿಸಿ, ಅಲ್ಲಿಂದ ಎರಡೂ ಪಕ್ಕಕ್ಕೆ ಅಂಗೈಯಲ್ಲಿ ಸವರುತ್ತಾ ಬರಬೇಕು. ಆಮೇಲೆ ಮುಂದಿನದು, ಅದರ ಹಿಂಬದಿಯ ಅಂಚು ಹಿಂದಿನ ತುಂಡಿನ ಮೇಲೆ ಬರುತ್ತದೆ, ಆ ಸಂದು ಮುಂದಿನ ಸೀಟಿನ ಅಡಿ ಮುಚ್ಚಿಹೋಗುತ್ತದೆ. ಎಲ್ಲ ಕಡೆ ಅಂಚು ಹೆಚ್ಚಾಗಿ ಚಾಚಿಕೊಂಡಿರುತ್ತದೆ, ಕೈ ಕತ್ತರಿಯ ಕಡೆ ಹೋಗುತ್ತದೆ. ತಡೆಯಿರಿ. ನಾವು ಹಾಸಿ, ಸಂದುಗಳಲ್ಲಿ ಇಟ್ಟಿಗೆ, ಅಕ್ಕಿ ಚೀಲ ಹೇರಿ, ಗಾಡಿಯ ಗಾಜು ಏರಿಸಿ ಬಿಸಿಲಿನಲ್ಲಿ ಎರಡು ದಿನ ನಿಲ್ಲಿಸಿದೆವು. ಮೂರನೆಯ ದಿನ ನೋಡಿದರೆ ಕಾರ್ಪೆಟ್ ಮುಕ್ಕಾಲು ಇಂಚು ಕೆಳಗಿಳಿದು ಕೂತಿತ್ತು. ಮೊದಲ ದಿನವೇ ಕತ್ತರಿಸಿದ್ದರೆ ಅಷ್ಟೂ ಗಿಡ್ಡವಾಗುತ್ತಿತ್ತು.

ಗೇರ್ ಲಿವರಿನ ಜಾಗಕ್ಕೆ ಮುಚ್ಚಳದ ತಗಡಿಗಿಂತ ಸಣ್ಣದಾಗಿ ಕತ್ತರಿಸಿ. ಹೆಡ್‌ಲೈಟಿನ ಡಿಮ್ಮರ್ ಸ್ವಿಚ್ ಈ ಕಾರುಗಳಲ್ಲಿ ಎಡಗಾಲಿನ ಬುಡದಲ್ಲಿ, ನೆಲದಲ್ಲೇ ಇರುತ್ತದೆ, ಕಾಲಲ್ಲಿ ಒತ್ತುವುದು. ಕಾರ್ಪೆಟ್ ಮೇಲಿನಿಂದ ಬೆರಳಾಡಿಸಿ ಉಬ್ಬು ಹುಡುಕಿ, ಗುಣಾಕಾರ ಚಿಹ್ನೆಯ ಹಾಗೆ ಅರ್ಧ ಇಂಚು ಸೀಳಿ, ಅದರ ರಬ್ಬರ್ ಉಂಗುರ ಕೂರಿಸಿದೆ. ಇವೆರಡೂ ಸಲೀಸಾಗಿ ಆದವು.

ಕಷ್ಟ ಬಂದದ್ದು ಸೀಟು, ಬೆಲ್ಟುಗಳ ತೂತುಗಳಲ್ಲಿ. ನೆಲದಲ್ಲಿ ತೂತು ಇದೆ, ಮೇಲೆ ಕಾರ್ಪೆಟ್ ಮುಚ್ಚಿದೆ, ಎಲ್ಲಿದೆ ಅಂತ ಕಾಣುವುದಿಲ್ಲ. ಬೆಲ್ಟಿನ ಮೊದಲ ತೂತನ್ನು ಅಂದಾಜಿನಲ್ಲಿ ಗುರುತು ಮಾಡಿ ಡ್ರಿಲ್ ಹಿಡಿದೆ. ಬಿಟ್ ಕುಣಿಕೆಯೊಂದನ್ನು ಹಿಡಿದುಕೊಂಡಿತು. ಸ್ವಿಚ್ ಬಿಡುವಷ್ಟರಲ್ಲಿ ಒಂದು ಸಾಲು ನೂಲು ಎಂಟು ಇಂಚು ಉದ್ದಕ್ಕೆ ಸರ್ರನೆ ಬಿಚ್ಚಿ ಬಿಟ್ಟಿಗೆ ಸುತ್ತಿಕೊಂಡಿತು. ಹೊಸ ಶಂಖಪುಷ್ಪದ ಬಣ್ಣದ ನಡುವೆ ಬೋಳು ಗೆರೆ. ಎಂಟು ತಿಂಗಳು ಕಾದದ್ದು ಎರಡು ಸೆಕೆಂಡಿನಲ್ಲಿ ಹೋಯಿತಲ್ಲ ಅಂತ ಡ್ರಿಲ್ ಕೆಳಗಿಟ್ಟು ಹೊರಗೆ ಹೋಗಿ ಕೂತೆ. ಕುಣಿಕೆ ನೇಯ್ಗೆಯ ಕಾರ್ಪೆಟ್ಟಿಗೆ ಡ್ರಿಲ್ ಹಾಕಲೇಬೇಡಿ.

ಅಪ್ಪ ಏನೂ ಅನ್ನಲಿಲ್ಲ. ಒಳಗೆ ಹೋಗಿ ಸೂಟ್‌ಕೇಸಿನಿಂದ ದಬ್ಬಳ ತಂದರು. ಊರಿಂದ ಬರುವಾಗ ಚಟ್ನಿಪುಡಿ, ಸಾರಿನಪುಡಿಯ ಪೆಟ್ಟಿಗೆಗೆ ಬಟ್ಟೆ ಸುತ್ತಿ ಹೊಲಿದಿದ್ದರು, ವಾಪಸ್ ಹೋಗುವಾಗ ಬೇಕು ಅಂತ ದಬ್ಬಳವನ್ನೂ ಇಟ್ಟುಕೊಂಡು ಬಂದಿದ್ದರು. ಗೇಣುದ್ದ, ತುದಿ ಸ್ವಲ್ಪ ಬಾಗಿದ್ದು. ಬಿಚ್ಚಿದ ನೂಲನ್ನೇ ಅದರ ಕಣ್ಣಿಗೆ ಪೋಣಿಸಿ, ಒಂದೊಂದು ಕುಣಿಕೆಯನ್ನೂ ಹಳೇ ತೂತಿನಲ್ಲೇ ಇಳಿಸಿ ಎತ್ತಿ, ಎತ್ತರ ಸಮ ಬರಲಿ ಅಂತ ಅಡಿಗೆ ಬೆಂಕಿಕಡ್ಡಿ ಕೊಟ್ಟು ಎಳೆದರು. ಬೆನ್ನಿಗೆ ನಾನು ಅಂಟು ಹಚ್ಚಿದೆ. ಒಂದೂವರೆ ಗಂಟೆ ಹಿಡಿಯಿತು. ಗೊತ್ತಿದ್ದವರು ಹುಡುಕಿದರೆ ಇವತ್ತೂ ಕಾಣುತ್ತದೆ, ಗೊತ್ತಿಲ್ಲದವರಿಗೆ ಕಾಣುವುದಿಲ್ಲ.

ಉಳಿದ ತೂತುಗಳಿಗೂ ಅವರೇ ದಾರಿ ಹೇಳಿದರು. "ಮೇಲಿಂದ ಯಾಕೆ ಹುಡುಕ್ತೀಯ, ಕೆಳಗಿಂದ ಚುಚ್ಚು." ಸ್ಟ್ಯಾಂಡಿನ ಮೇಲಿದ್ದ ಕಾರಿನ ಅಡಿ ನಾನು ಮಲಗಿದೆ. ತೂತಿನಲ್ಲಿ ದಬ್ಬಳ ತೂರಿಸಿ ಮೇಲಕ್ಕೆ ಒತ್ತಿದರೆ ಒಳಗೆ ಕೂತ ಅಪ್ಪನಿಗೆ ನೀಲಿಯ ನಡುವೆ ತುದಿ ಹೊಳೆಯುತ್ತಿತ್ತು. "ಬಂತು" ಅನ್ನುತ್ತಿದ್ದರು. ಕುಣಿಕೆಗಳನ್ನು ಆಚೀಚೆ ಸರಿಸಿ, ಸಣ್ಣ ಚಾಕುವಿನಲ್ಲಿ ಗುಣಾಕಾರ ಹಾಕಿ, ಕಾದ ಸಾಲ್ಡರಿಂಗ್ ಐರನ್ ತುದಿಯಿಂದ ಅಂಚಿನ ನೂಲು ಬಿಚ್ಚದ ಹಾಗೆ ಸುಟ್ಟು ಮುಚ್ಚುತ್ತಿದ್ದರು. ಆಮೇಲೆ ಮುಂದಿನ ತೂತು. ಮಧ್ಯಾಹ್ನದ ಊಟದೊಳಗೆ ಎಲ್ಲವೂ ಮುಗಿದವು, ಒಂದೂ ತಪ್ಪಲಿಲ್ಲ. ಬೋಲ್ಟ್ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಕಾರ್ಪೆಟ್ಟಿನ ನೂಲು ಬೋಲ್ಟಿನ ತಿರುಪಿನಲ್ಲಿ ಸಿಕ್ಕಿಕೊಂಡರೆ ಬಿಗಿಯಾದ ಹಾಗೆ ಅನಿಸುತ್ತದೆ, ನಿಜವಾಗಿ ಬಿಗಿಯಾಗಿರುವುದಿಲ್ಲ. ಬೆಲ್ಟಿನ ವಿಷಯದಲ್ಲಿ ಅದು ಜೀವದ ಪ್ರಶ್ನೆ.

ಇನ್ನೊಂದು ಜೀವದ ಪ್ರಶ್ನೆ ಆಕ್ಸಿಲರೇಟರ್. ಎಂಜಿನ್ ಆಫ್ ಇರುವಾಗಲೇ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟು ನೋಡಿ, ತಟ್ಟನೆ ಮೇಲೆ ಬರಬೇಕು. ನನ್ನದು ಕೆಳಗೆ ಒಂದು ಕ್ಷಣ ನಿಂತು ಬಂತು. ಪೆಡಲಿನ ಹಿಂದೆ ಹೊಸ ಕಾರ್ಪೆಟ್ ಉಬ್ಬಿ ಸರಳಿಗೆ ತಾಗುತ್ತಿತ್ತು. ಆ ಭಾಗದ ಬೆನ್ನಿನ ಸೆಣಬಿನ ಹಾಸು ಮಾತ್ರ ಕತ್ತರಿಸಿ ತೆಳುವಾಗಿಸಿದೆ, ಸರಿಹೋಯಿತು. ಹೀಗೇ ಇಪ್ಪತ್ತು ಸಲ ಒತ್ತಿ ಬಿಟ್ಟು ನೋಡಿದ ಮೇಲೆಯೇ ಎಂಜಿನ್ ಚಾಲೂ ಮಾಡಿದೆ.

ಮುರಿದ ಸ್ಟಡ್ಡಿಗೆ ಬದಲಿ ಸಿಗಲು ಜುಲೈ ಪೂರ್ತಿ ಹೋಯಿತು. ಸೀಟು ಕೂರಿಸಿ, ಕಾಲಬುಡದ ಎರಡೂ ಪಕ್ಕ ಮುಚ್ಚುವ ಕಿಕ್ ಪ್ಯಾನೆಲ್‌ಗಳ ಅಡಿಗೆ ಅಂಚು ತುರುಕಿ, ಹೊಸ್ತಿಲಿನಲ್ಲಿ ಹೆಚ್ಚಿದ್ದದ್ದನ್ನು ಕಡೆಗೆ ಕತ್ತರಿಸಿ, ಮೇಲೆ ಹೊಸ ಸಿಲ್ ಪ್ಲೇಟ್ ಬಿಗಿದೆವು. ಎಲ್ಲ ಸೇರಿಸಿದರೆ 2,826 ಡಾಲರ್ ಆಗಿದೆ. ಅದರಲ್ಲಿ ಕಾರ್ಪೆಟ್ಟಿನದು 189, ತಗಡಿನ ಕೆಲಸ 2,250, ಉಳಿದದ್ದು ಬಣ್ಣ, ಹಾಳೆ, ಡ್ರೈ ಐಸ್, ಹೀಟರ್ ಕೋರ್, ಸಿಲ್ ಪ್ಲೇಟ್, ಆ ವಾಪಸಾತಿ ಸಾಗಣೆ. ಮನೆಯಲ್ಲಿ ಮೊದಲು ಹೇಳಿದ್ದು ಮುನ್ನೂರು ಅಂತ.

ನನ್ನ ಕಾರಿಗಿರುವುದು ಮಿಷಿಗನ್‌ನ ಹಿಸ್ಟಾರಿಕ್ ನಂಬರ್ ಪ್ಲೇಟು. ಆಗಿನ ನಿಯಮದಲ್ಲಿ ಉಳಿದ ತಿಂಗಳುಗಳಲ್ಲಿ ಪ್ರದರ್ಶನ, ಮೆರವಣಿಗೆಯಂಥವಕ್ಕೆ ಮಾತ್ರ ತೆಗೆಯಬೇಕಿತ್ತು, ಆಗಸ್ಟ್ ತಿಂಗಳಲ್ಲಿ ಮಾತ್ರ ಸಾಮಾನ್ಯ ಗಾಡಿಯ ಹಾಗೆ ಓಡಿಸಬಹುದಿತ್ತು. ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯ್ಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೇ ಕಾರುಗಳ ದೊಡ್ಡ ಜಾತ್ರೆ ನಡೆಯುತ್ತದೆ, ಅದಕ್ಕೆ ಮುಟ್ಟಿಸಬೇಕು ಅಂತಲೇ ಇಷ್ಟು ಓಡಾಡಿದ್ದು. ಮುಟ್ಟಿಸಿದೆವು. ಅಪ್ಪ ಮುಂದಿನ ಸೀಟಿನಲ್ಲಿ ಕೂರುವ ಮುಂಚೆ ಚಪ್ಪಲಿ ಬಾಗಿಲ ಹೊರಗೆ ಬಿಟ್ಟರು. ಹಾಕಿಕೊಳ್ಳಿ, ಪರವಾಗಿಲ್ಲ ಅಂದರೂ ಕೇಳಲಿಲ್ಲ, ಚಪ್ಪಲಿಯನ್ನು ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಡಿಸಿದರು. ಆ ದಿನವೆಲ್ಲ ಬರಿಗಾಲಲ್ಲೇ ಕೂತಿದ್ದರು.

ಅದಾಗಿ ನಾಲ್ಕು ದಿನಕ್ಕೆ ಸಂಜೆ ಜೋರು ಮಳೆ ಬಂತು. ಕಾರನ್ನು ಬೇಕೆಂದೇ ಹೊರಗೆ ಬಿಟ್ಟಿದ್ದೆ. ಮಳೆ ನಿಂತ ಮೇಲೆ ಬಾಗಿಲು ತೆಗೆದು, ಎಡಗಡೆ ಕಿಕ್ ಪ್ಯಾನೆಲ್ ಹತ್ತಿರ ಕಾರ್ಪೆಟ್ಟಿನ ಅಂಚು ಬಿಡಿಸಿ ಅಡಿಗೆ ಕೈ ತೂರಿಸಿದೆ, ಸೆಣಬಿನವರೆಗೂ. ಒಣಗಿತ್ತು. ಬಲಗಡೆಯೂ ನೋಡಿದೆ, ಒಣಗಿತ್ತು. ಗೇರಿನ ಉಬ್ಬಿನ ಬಲಬದಿಯಲ್ಲಿ ಬೆರಳುದ್ದದ ಒಂದು ಸುಕ್ಕು ಇನ್ನೂ ಉಳಿದಿದೆ. ಮುಂದಿನ ಬಿಸಿಲುಗಾಲಕ್ಕೆ ಇನ್ನೊಮ್ಮೆ ಹಬೆ ಹಿಡಿಯಬೇಕು.